ಶೆಲ್ಲಿ ಪ್ಲೇಟೋನ ಶಿಷ್ಯನಷ್ಟೇ ಅಲ್ಲ

ಮಾನ್ಯರೇ,

ಮೈಸೂರಿನ ತರಗತಿಗಳಲ್ಲಿ ಇಂಗ್ಲಿಷ್ ಕವಿ ಶೆಲ್ಲಿಯ ಪಾಠ ಬಂದಾಗ ‘ಈತ ಪ್ಲೇಟೋವಾದಿ’ ಎಂದು ಒಂದು ಸಾಲು ಬರೆಸಿ ಮುಂದೆ ಸಾಗುವುದುಂಟು. ಪರೀಕ್ಷೆಗೆ ಅದು ಸಾಕು, ಕವಿಯನ್ನು ಅರಿಯಲು ಸಾಲದು. ಗ್ರೀಕ್ ತತ್ತ್ವಜ್ಞಾನಿ ಪ್ಲೇಟೋನಿಂದ ಪಡೆದದ್ದನ್ನೇ ಹಿಡಿದು ಶೆಲ್ಲಿ ಅವನಿಗೆ ಎದುರು ನಿಂತ.

ಪ್ಲೇಟೋ ಬರೆದ ‘ಅಯಾನ್’ ಸಂವಾದದಲ್ಲಿ ಅವನ ಗುರು ಸಾಕ್ರಟೀಸ್ ಅಯಸ್ಕಾಂತದ ಮಾತು ತೆಗೆಯುತ್ತಾನೆ. ಕಲ್ಲು ಒಂದು ಕಬ್ಬಿಣದ ಉಂಗುರವನ್ನು ಸೆಳೆದರೆ ಆ ಉಂಗುರ ಇನ್ನೊಂದನ್ನು ಸೆಳೆಯುತ್ತದೆ. ಹಾಗೆಯೇ ಕಾವ್ಯದ ಆವೇಶವು ದೇವತೆಯಿಂದ ಕವಿಗೆ, ಕವಿಯಿಂದ ವಾಚಕನಿಗೆ, ಅಲ್ಲಿಂದ ಕೇಳುಗರಿಗೆ ಇಳಿಯುತ್ತದೆ. ಅಂದರೆ ಕವಿ ತಿಳಿದು ಹೇಳುವವನಲ್ಲ. ಸಾಕ್ರಟೀಸನಿಗೆ ಇದು ಕೊರತೆ. 1821ರಲ್ಲಿ ‘ಎ ಡಿಫೆನ್ಸ್ ಆಫ್ ಪೊಯೆಟ್ರಿ’ ಎಂಬ ಪ್ರಬಂಧ ಬರೆದ ಶೆಲ್ಲಿಗೆ ಇದೇ ಹಿರಿಮೆ: ಸೃಷ್ಟಿಸುವ ಮನಸ್ಸು ಆರುತ್ತಿರುವ ಕೆಂಡ, ಕಾಣದ ಗಾಳಿ ಸೋಕಿದಾಗ ಕ್ಷಣಕಾಲ ಹೊಳೆಯುತ್ತದೆ. ಪ್ಲೇಟೋನ ‘ರಿಪಬ್ಲಿಕ್‌’ನ 10ನೇ ಭಾಗದಲ್ಲಿ ಲೋಕದ ವಸ್ತುಗಳೇ ಮೂಲ ತತ್ತ್ವದ ನಕಲು, ಕವಿ ಆ ನಕಲಿನ ನಕಲು ಮಾಡುವವನು, ಆದ್ದರಿಂದ ಊರ ಹೊರಗೆ. ಶೆಲ್ಲಿಯಲ್ಲಿ ಕವಿ ಶಾಶ್ವತವಾದ, ಒಂದೇ ಆದ ತತ್ತ್ವದಲ್ಲಿ ನೇರವಾಗಿ ಪಾಲುಳ್ಳವನು. ಪ್ಲೇಟೋನೇ ಮೂಲತಃ ಕವಿ ಎಂದೂ ಅವನು ಸಾರಿದ. ಎಂಥ ದಿಟ್ಟ ಉತ್ತರ!

ಉತ್ತರ ಪತ್ರಿಕೆಗಳಲ್ಲಿ ಎರಡು ತಪ್ಪುಗಳು ಮತ್ತೆ ಮತ್ತೆ ಕಾಣುತ್ತವೆ. ಶೆಲ್ಲಿಯ ‘ಹಿಮ್ ಟು ಇಂಟಲೆಕ್ಚುಯಲ್ ಬ್ಯೂಟಿ’ ಕವನವು ಪ್ಲೇಟೋನ ‘ಸಿಂಪೋಸಿಯಂ’ ಸಂವಾದಕ್ಕೆ ಅವನೇ ಮಾಡಿದ ಅನುವಾದದ ಫಲ ಎನ್ನುವುದು ಒಂದು. ಕವನ 1816ರದು, ಅನುವಾದ ನಡೆದದ್ದು 1818ರ ಜುಲೈನಲ್ಲಿ, ಇಟಲಿಯಲ್ಲಿ. ಇನ್ನೊಂದು, ಕವಿ ಕೀಟ್ಸ್ ಸತ್ತಾಗ ಶೆಲ್ಲಿ ಬರೆದ ‘ಅಡೋನೇಯಸ್‌’ನ 52ನೇ ಪದ್ಯವನ್ನು ಅದ್ವೈತಕ್ಕೆ ಒಗ್ಗಿಸುವುದು. ‘ಒಂದು ಉಳಿಯುತ್ತದೆ, ಹಲವು ಬದಲಾಗಿ ಅಳಿಯುತ್ತವೆ’ ಎಂಬ ಸಾಲು ನಮ್ಮ ಕಿವಿಗೆ ಉಪನಿಷತ್ತಿನಂತೆ ಕೇಳುವುದು ಸಹಜ. ಆದರೆ ಮುಂದೆ ಓದಬೇಕು: ಬದುಕೆಂಬ ಬಣ್ಣದ ಗಾಜಿನ ಗುಮ್ಮಟವನ್ನು ಒಡೆಯುವುದು ಅಲ್ಲಿ ಜ್ಞಾನವಲ್ಲ, ಸಾವು. ಅರಸುವುದನ್ನು ಸೇರಬೇಕಿದ್ದರೆ ಸಾಯಿ ಎನ್ನುತ್ತದೆ ಅದೇ ಪದ್ಯ. ‘ಸಿಂಪೋಸಿಯಂ’ನ ಡಯೊಟಿಮಾ ಎಂಬ ಜ್ಞಾನಿ ಹೆಂಗಸು ಸಾಕ್ರಟೀಸನಿಗೆ ತೋರಿಸುವ ಏಣಿಯಾದರೋ ಬದುಕಿದ್ದಾಗಲೇ ಏರುವಂಥದ್ದು: ಒಂದು ಚೆಲುವಾದ ದೇಹ, ಎಲ್ಲ ಚೆಲುವಾದ ದೇಹಗಳು, ಬಳಿಕ ಆತ್ಮ, ಆಚಾರ ಕಾನೂನು, ಜ್ಞಾನ, ಕೊನೆಗೆ ಸೌಂದರ್ಯವೇ. ಈ ಅಂತರವನ್ನು ಬಿಟ್ಟರೆ ‘ಅಡೋನೇಯಸ್‌’ನ ಸಂಕಟವೇ ಕೈತಪ್ಪುತ್ತದೆ.

ಅಧ್ಯಾಪಕರಲ್ಲಿ ನಮ್ಮ ವಿನಂತಿ: ಮೊದಲು ‘ಅಯಾನ್’, ಅನಂತರ ಡಯೊಟಿಮಾಳ ಮಾತು, ‘ರಿಪಬ್ಲಿಕ್’ನ 10ನೇ ಭಾಗದ ಮೊದಲರ್ಧ, ಆಮೇಲೆ ಶೆಲ್ಲಿ. ಸಮಯ ಸಾಲದಿದ್ದರೆ ‘ಅಯಾನ್’ ಒಂದನ್ನಾದರೂ ಓದಿಸಿ. ಅದು ತೀರ ಚಿಕ್ಕ ಸಂವಾದ.

– ಕೆಲವು ಸಾಹಿತ್ಯ ಅಧ್ಯಾಪಕರು, ಮೈಸೂರು