ಕರೆಂಟ್ ಹೋದಾಗ 112ಕ್ಕೆ ಫೋನ್: ಒಂದು ಮಾತು

ನಮಸ್ಕಾರ್ರಿ ಎಲ್ಲರಿಗೂ. ಕಲಬುರಗಿಯ ಸೇಡಂ ರಸ್ತೆ ಕಡೆಯ ನಮ್ಮ ಓಣಿಯಲ್ಲಿ ಈಗ ಜಾಸ್ತಿ ಮನೆಗಳಲ್ಲಿ ಫೈಬರ್ ಫೋನ್ (ಗಾಜಿನ ಎಳೆಯ ಕೇಬಲ್ ಮೇಲೆ ನಡೆಯುವ ಲ್ಯಾಂಡ್‌ಲೈನ್) ಬಂದಿದೆ. ಮೊನ್ನೆ ರಾತ್ರಿ ಕರೆಂಟ್ ಹೋದಾಗ ನಮ್ಮ ಅವ್ವಗೆ ತಲೆ ಸುತ್ತು ಬಂತು. ರಿಸೀವರ್ ಎತ್ತಿದೆ, ಸದ್ದೇ ಇಲ್ಲ. ಗೋಡೆ ಮೇಲಿನ ಫೈಬರ್ ಡಬ್ಬಿಯ ಹಸಿರು ದೀಪ ಆರಿತ್ತು. ಹಳೆಯ ತಾಮ್ರದ ತಂತಿಯ ಫೋನಿಗೆ ಎಕ್ಸ್‌ಚೇಂಜಿನಿಂದಲೇ ಕರೆಂಟ್ ಬರುತ್ತಿತ್ತು. ಫೈಬರಿನಲ್ಲಿ ಅದಿಲ್ಲ, ಮನೆಯ ಕರೆಂಟೇ ಬೇಕು. ಕೊನೆಗೆ ಮೊಬೈಲಿನಿಂದ 108ಕ್ಕೆ ಹಚ್ಚಿದೆ. ಅವ್ವ ಈಗ ಆರಾಮ, ರೊಟ್ಟಿ ಬಡಿಯುತ್ತಿದ್ದಾರೆ.

ಇನ್ನೊಂದು ವಿಷಯ. ವಾಟ್ಸಾಪ್ ಕಾಲ್‌ನಲ್ಲಿ ತುರ್ತು ನಂಬರ್ 112 ಹತ್ತುವುದಿಲ್ಲ. ಸುಮ್ನೆ ಹೊತ್ತು ಕಳೆಯಬೇಡಿ, ಫೋನಿನ ಮಾಮೂಲಿ ಡಯಲರ್ ತೆಗೆಯಿರಿ. ಲಾಕ್ ಆಗಿದ್ದರೂ 'ಎಮರ್ಜೆನ್ಸಿ' ಒತ್ತಿ ಹಚ್ಚಬಹುದು. ಮೊಬೈಲ್ ಕರೆ ಯಾವ ಟವರಿನಿಂದ ಬಂತು ಅನ್ನೋದು ನೆಟ್‌ವರ್ಕಿಗೆ ಗೊತ್ತಿರುತ್ತದೆ. ಇಂಟರ್ನೆಟ್ ಫೋನಿಗೆ ಅಂಥ ಊರಿನ ಗುರುತಿಲ್ಲ. ಆಫೀಸಿನ ಇಂಟರ್ನೆಟ್ ಫೋನಿನ ಸರ್ವರ್ ಬೆಂಗಳೂರಿನಲ್ಲಿದ್ದರೆ ಕಲಬುರಗಿಯ ಕರೆ ಅಲ್ಲಿಂದ ಹೊರಬೀಳಲೂಬಹುದು. ಅಮೆರಿಕದಲ್ಲಿ ಇದೇ ತೊಂದರೆಗೆ 2005ರಲ್ಲೇ ನಿಯಮ ತಂದರು: ಮಾಮೂಲಿ ನಂಬರಿಗೆ ಕರೆ ಕೊಡುವ ಇಂಟರ್ನೆಟ್ ಫೋನ್ ಕಂಪನಿಗಳು ಗಿರಾಕಿಯ ವಿಳಾಸ ಬರೆದುಕೊಂಡು ಅಲ್ಲಿನ ತುರ್ತು ನಂಬರ್ 911ರ ಕರೆಯ ಜೊತೆ ಕಳಿಸಬೇಕು. ಆದರೆ ಮನೆ ಬದಲಿಸಿ ವಿಳಾಸ ಬದಲಿಸದಿದ್ದರೆ ಆಂಬುಲೆನ್ಸ್ ಹಳೇ ಮನೆಗೇ ಹೋಗುತ್ತದೆ, ಅಲ್ವಾ?

ಅದಕ್ಕೇ ಕರೆ ಹತ್ತಿದ ಕೂಡಲೇ ಮೊದಲು ಊರು, ಓಣಿ, ಹತ್ತಿರದ ಗುಡಿ ಇಲ್ಲಾ ಅಂಗಡಿ ಹೇಳಿ. ಆಮೇಲೆ ಉಳಿದದ್ದು. ಫೈಬರ್ ಡಬ್ಬಿಗೆ ಸಣ್ಣ ಯುಪಿಎಸ್ ಸಿಗುತ್ತದೆ. ನಾನು ಈ ಭಾನುವಾರ ತರುತ್ತಿದ್ದೇನೆ, ಬೇಕಾದವರು ಇಲ್ಲೇ ಹೇಳ್ರಿ.