ಪಕ್ಕದ ತಾರಸಿಯ ಅಕ್ಕನಿಗೆ

ಅಕ್ಕಾ, ನಿಮ್ಮ ಹೆಸರೂ ಕೇಳಲಿಲ್ಲ ನಾನು. ಅಪ್ಪ ತೀರಿಕೊಂಡು ಮೂರು ವಾರವಾಗಿತ್ತು. ಶಿವಮೊಗ್ಗದ ಬಾಡಿಗೆ ಮನೆಯ ತಾರಸಿಯಲ್ಲಿ, ನೀರಿನ ಟ್ಯಾಂಕ್ ಹಿಂದೆ ಕೂತು ಅಳುತ್ತಿದ್ದೆ. ಪಕ್ಕದ ತಾರಸಿಯಲ್ಲಿ ಹಪ್ಪಳ ಎತ್ತುತ್ತಿದ್ದ ನೀವು ಅದನ್ನು ಅಲ್ಲೇ ಬಿಟ್ಟು, ನಡುವಿನ ಮೋಟುಗೋಡೆ ಮೇಲೆ ಬಂದು ಕೂತು, "ಅಪ್ಪ ಹೇಗಿದ್ರು, ಹೇಳಮ್ಮ" ಅಂದಿರಿ. ಅಲ್ಲಿವರೆಗೆ ಎಲ್ಲರೂ ಹೇಗೆ ಹೋದರು ಅಂತಲೇ ಕೇಳಿದ್ದರು. ಅವರ ಸಿಟ್ಟು, ಅಡಿಕೆ ತೋಟ, ತೀರ್ಥಹಳ್ಳಿಯಲ್ಲಿ ತುಂಗೆಗೆ ಇಳಿಸಿ ಈಜು ಕಲಿಸಿದ್ದು, ಎಲ್ಲ ಹೇಳಿದೆ. "ಆ ನೀರೇ ಅಲ್ವಾ ಹರಿದು ಇಲ್ಲಿಗೂ ಬರೋದು" ಅಂದಿರಿ. ಮಳೆ ಹನಿ ಬಿದ್ದಾಗಲೇ ಎದ್ದಿದ್ದು ನಾವು. ಮರುದಿನ ಹುಡುಕಿದೆ. ನೆಂಟರ ಮನೆಗೆ ಬಂದಿದ್ದವರಂತೆ, ಊರಿಗೆ ಹೊರಟಾಗಿತ್ತು. ಆ ರಾತ್ರಿ ನನಗೆ ನಿದ್ದೆ ಬಂತು ಅಕ್ಕಾ. ತುಂಬಾ ಥ್ಯಾಂಕ್ಸ್.