ಜೌಗು ಅಂದ್ರೆ ಪಾಳು ಜಾಗ ಅಲ್ಲ

ಸಂಪಾದಕರೇ,

ನಮ್ಮ ಮನೆ ಪಕ್ಕದ ಜೌಗಿನ ಬಗ್ಗೆ ನಡೆದ ಸಭೆಯ ಕುರಿತು ನಿನ್ನೆ ನೀವು ಹಾಕಿದ ವರದಿ ಓದಿ ಸಿಟ್ಟು ಬಂತು. ಸಭೆಯಲ್ಲಿ ನಾನೂ ಇದ್ದೆ. ಭೂವಿಜ್ಞಾನದ ಪ್ರಾಧ್ಯಾಪಕರು ಅಷ್ಟು ಹೊತ್ತು ಮಾತಾಡಿದ್ದು ಮಣ್ಣು, ನೀರಿನ ಬಗ್ಗೆ. ಕೊನೆಗೆ, ಈ ನೆಲ ದೇವರು ನಮ್ಮ ಕೈಗೆ ಕೊಟ್ಟದ್ದು, ಕಾಯಬೇಕು ಅಂದರು. ನಿಮ್ಮ ತಲೆಬರಹಕ್ಕೆ ಸಿಕ್ಕಿದ್ದು ಅದೊಂದೇ ಮಾತು! ವೇದಿಕೆ ಮೇಲಿದ್ದ ಅಧಿಕಾರಿಯಂತೂ ಪ್ರವಚನ ಸಾಕು ಅಂತ ಮೈಕ್ ಕಿತ್ತುಕೊಂಡರು.

ಪ್ರಾಧ್ಯಾಪಕರು ಜೌಗಿನಿಂದ ಕೊಳವೆಯಲ್ಲಿ ತೆಗೆದು ತಂದಿದ್ದ ಮಣ್ಣನ್ನು ಯಾರಾದರೂ ಹತ್ತಿರ ಹೋಗಿ ನೋಡಿದಿರಾ? ಮೇಲೆ ಕಪ್ಪು, ಕೆಳಗೆ ಬೂದು ಜೇಡಿ, ಹಳೇ ಬೇರು ಇಳಿದ ದಾರಿಯುದ್ದಕ್ಕೂ ತುಕ್ಕಿನ ಗೆರೆ. ನೀರು ನಿಂತು ಗಾಳಿ ಸಿಗದ ನೆಲದಲ್ಲಿ ಕಬ್ಬಿಣದ ಅಂಶ ಕರಗಿ ಮಣ್ಣು ಬೂದಾಗುತ್ತದೆ, ಬೇರಿನ ದಾರಿಯಲ್ಲಿ ಗಾಳಿ ತಾಗಿದ ಕಡೆ ಮಾತ್ರ ತುಕ್ಕು ಹಿಡಿಯುತ್ತದೆ. ಬೇಸಿಗೆಯಲ್ಲಿ ಒಣಗಿ ಕಂಡರೂ ಅದು ಜೌಗೇ. ಎಲ್ಲ ಜೌಗೂ ನೀರು ಇಂಗಿಸುವುದಿಲ್ಲ, ಕೆಲವು ಕಡೆ ಅಂತರ್ಜಲವೇ ಮೇಲೆದ್ದು ಜೌಗಾಗುತ್ತದೆ, ಕೆಲವು ಕಾಲಕ್ಕೆ ತಕ್ಕಂತೆ ಎರಡೂ ಮಾಡುತ್ತವೆ, ಅದಕ್ಕೇ ಮೊದಲು ಅಳೆಯಿರಿ ಅಂತ ಅವರೇ ಹೇಳಿದರು. ಇದರಲ್ಲಿ ಪ್ರವಚನ ಎಲ್ಲಿದೆ? ನಂಬಿಕೆ ಇದೆ ಅಂತ ಅವರು ಅಳೆಯುವುದನ್ನು ಬಿಟ್ಟಿಲ್ಲ. ಅಳೆದದ್ದನ್ನು ತಿದ್ದಿಯೂ ಇಲ್ಲ.

ಇತ್ತ ಲಾರಿಗಳು ರಾತ್ರಿಯೆಲ್ಲ ಜೌಗಿಗೆ ಮಣ್ಣು ಸುರಿಯುತ್ತಿವೆ. ನಿದ್ದೆ ಇಲ್ಲ, ಒಣಹಾಕಿದ ಬಟ್ಟೆ ಪೂರ್ತಿ ಧೂಳು, ಅಮ್ಮನಿಗೆ ಕೆಮ್ಮು. ಮೊದಲು ಜೌಗಿಗೆ ಹರಿಯುತ್ತಿದ್ದ ಮಳೆನೀರು ಈಗ ನೇರ ನಮ್ಮ ಅಡುಗೆಮನೆಗೆ ಬರುತ್ತದೆ. ಗೋಡೆ ಅರ್ಧದವರೆಗೂ ತೇವ. ದೂರು ಕೊಟ್ಟರೆ ಆ ಟೇಬಲ್ಲಿಗೆ ಹೋಗಿ ಅಂತಾರೆ, ಅಲ್ಲಿ ಹೋದರೆ ಸಾಹೇಬರು ರಜೆ. ಚರಂಡಿ ಕಟ್ಟಿಕೊಂಡಾಗಲೂ ಇದೇ ಕಥೆ, ಬೀದಿದೀಪ ಕೆಟ್ಟಾಗಲೂ ಇದೇ. ಅರ್ಜಿಗೆ ಸೀಲು ಹೊಡೆಯೋದು ಬಿಟ್ಟರೆ ಬೇರೆ ಕೆಲಸವೇ ಗೊತ್ತಿಲ್ಲದ ಜನ!

ಜೌಗು ಉಳಿಸಬೇಕು ಅಂತ 1971ರಲ್ಲೇ ಇರಾನಿನ ರಾಮ್ಸಾರ್‌ನಲ್ಲಿ ದೇಶಗಳು ಒಪ್ಪಂದ ಮಾಡಿಕೊಂಡವು. ಗೊಬ್ಬರದ ನೈಟ್ರೇಟ್ ಬಾವಿಗೆ ಸೇರುವ ಮೊದಲೇ ಜೌಗಿನ ಕೆಸರಲ್ಲಿರುವ ಬ್ಯಾಕ್ಟೀರಿಯಾ ಅದರಲ್ಲಿ ಸಾಕಷ್ಟನ್ನು ಸಾರಜನಕ ಅನಿಲ ಮಾಡಿಬಿಡುತ್ತವೆ. ಇಷ್ಟು ಕೆಲಸ ಪುಕ್ಕಟೆ ಮಾಡುವ ಜಾಗವನ್ನು ಪಾಳು ಅಂತ ಫೈಲಲ್ಲಿ ಬರೆದವರು ಯಾರು?

ಮಣ್ಣು ಹೊಡೆಯೋದು ಮೊದಲು ನಿಲ್ಲಲಿ. ಆಗಲ್ಲ ಅಂದ್ರೆ ನಮ್ಮ ಮನೆಗೆ ನುಗ್ಗುವ ನೀರಿಗಾದರೂ ದಾರಿ ಮಾಡಿ. ನೀವೂ ಆ ತಲೆಬರಹ ತಿದ್ದಿ. ಓದಿ ಬಂದವರ ಕೈಯಿಂದ ಮೈಕ್ ಕಿತ್ತುಕೊಳ್ಳೋಕೆ ನಾಚಿಕೆ ಆಗಬೇಕು.

– ಜೌಗಿನ ಪಕ್ಕದ ನಿವಾಸಿ